ಕಾಫಿ ಸಿಪ್ಪೆಯೋ ಬಾರ್ಲಿ ಹುಲ್ಲೋ

ಎರ್ಲಿಂದಾ ಮತ್ತು ಲುದಿವಿನಾ ಒಂದೇ ಮನೆಯ ಸೊಸೆಯಂದಿರು. ಏಳು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು, ಒಬ್ಬರ ಮುಖ ಇನ್ನೊಬ್ಬರು ನೋಡದೆ ತೊರ್ತಿಯಾ ರೊಟ್ಟಿ ತಟ್ಟಿದವರು. ಲುದಿವಿನಾ ಹಿರಿಯವಳು, ಸುಣ್ಣದ ಚೀಲ ಅವಳ ಮಂಚದ ಕೆಳಗೆ. ದಿನಾ ಸಂಜೆ ಮುಸುಕಿನ ಜೋಳ ಬೇಯಿಸುವ ಚಾಕರಿ ಕಿರಿಯವಳಾದ ಎರ್ಲಿಂದಾಳದು. ಸಿಪ್ಪೆ ಬಿಡಲೆಂದು ಆ ಜೋಳಕ್ಕೆ ಹಾಕುವ ಸುಣ್ಣ ಮಾತ್ರ ಲುದಿವಿನಾಳ ಕೈಯಿಂದಲೇ ಬರಬೇಕು. ಒಂದು ಹಿಡಿ, ಭಿಕ್ಷೆ ಹಾಕಿದ ಹಾಗೆ. ಆ ಒಂದು ಹಿಡಿಗಾಗಿ ದಿನಾ ಹೋಗಿ ಬಾಗಿಲಲ್ಲಿ ನಿಲ್ಲುವುದಿದೆಯಲ್ಲ, ಅದು ಎರ್ಲಿಂದಾಳ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ.

ಆದ್ದರಿಂದ ಅವಳಿಗೆ ಬೇಕಿದ್ದದ್ದು ಒಂದೇ: ಸ್ವಂತ ಒಲೆ. ಅಂಗಳದಾಚೆ ಕಾಫಿ ಮೂಟೆ ಇಡುತ್ತಿದ್ದ ಹಳೆಯ ಕೋಣೆ ಖಾಲಿ ಬಿದ್ದಿತ್ತು. ಅದರ ಜಗಲಿಯಲ್ಲಿ ಮೂರು ಕಲ್ಲು ಹೂಡಿದರೆ ಸಾಕು, ಯಾರ ಬಾಗಿಲಲ್ಲೂ ನಿಲ್ಲಬೇಕಿಲ್ಲ. ಲುದಿವಿನಾಳ ಕಣ್ಣೂ ಅದೇ ಕೋಣೆಯ ಮೇಲಿತ್ತು. ಇಬ್ಬರ ಕಾಟ ತಡೆಯಲಾರದೆ ಅತ್ತೆ ಪೆತ್ರಾ ಕೊನೆಗೆ ಒಂದು ತೀರ್ಮಾನ ಹೇಳಿದಳು. ಆ ವರ್ಷ ಊರಿನ ಹೆಂಗಸರಿಗೆಲ್ಲ ಮನೆಯಲ್ಲೇ ಸಿಂಪಿ ಅಣಬೆ ಬೆಳೆಯುವುದನ್ನು ಒಬ್ಬ ಕೃಷಿ ಇಂಜಿನಿಯರಮ್ಮ ಬಂದು ಕಲಿಸಿ, ಬಿತ್ತನೆಯ ಬಾಟಲಿ ಹಂಚಿ ಹೋಗಿದ್ದಳು.

"ಇಬ್ರೂ ಆ ಕೋಣೇಲೇ ಎಂಟೆಂಟು ಚೀಲ ಇಡಿ" ಎಂದಳು ಅತ್ತೆ. "ಯಾರ ಅಣಬೆ ಹೆಚ್ಚು ಬರುತ್ತೋ ಅವಳಿಗೆ ಕೋಣೆ. ಆಮೇಲೆ ನನ್ನ ತಲೆ ತಿನ್ನೋ ಹಾಗಿಲ್ಲ."

ಅಣಬೆಗೆ ಮಣ್ಣು ಬೇಡ, ಹಾಸಿಗೆ ಬೇಕು. ಯಾವುದರ ಹಾಸಿಗೆ ಎಂಬಲ್ಲಿಂದಲೇ ಜಗಳ ಶುರುವಾಯಿತು.

"ಕಾಫಿ ಸಿಪ್ಪೆನಾ?" ಲುದಿವಿನಾ ಮೂಗು ಮುಚ್ಚಿಕೊಂಡಳು. "ಹಂದೀನೂ ಮೂಸಲ್ಲ ಅದನ್ನ. ಅಣಬೆ ತಿನ್ನುತ್ತಾ?"

"ಅಣಬೆಗೆ ನಿನ್ನಷ್ಟು ನಾಜೂಕಿಲ್ಲ ಬಿಡು."

"ಬಾರ್ಲಿ ಹುಲ್ಲೇ ಆಗ್ಬೇಕು. ಇಂಜಿನಿಯರಮ್ಮ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ? ಒಣಗಿದ್ದು, ಹಳದಿ ಇರೋದು, ಮಳೆ ಕಾಣದ್ದು."

"ಸಿಪ್ಪೇನೂ ಆಗುತ್ತೆ ಅಂದ್ಲು. ಆಗ ನೀನು ಅವಳ ಬೂಟು ನೋಡ್ತಾ ಕೂತಿದ್ದೆ."

"ನೋಡೋಣ, ನೋಡೋಣ. ಕೊಳೆತದ್ದನ್ನ ಹೊತ್ಕೊಂಡು ಅಳ್ತಾ ಬರ್ತೀಯಲ್ಲ, ಆಗ ಮಾತಾಡೋಣ."

ಅವರೆಕಾಳು ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಬಾಯಲ್ಲಿ ಅಣಬೆ ಬೆಳೆಯೋ ಹಾಗಿದ್ರೆ ಈ ಮನೆ ಒಂದೇ ಕ್ವೆತ್ಸಾಲನ್ ಸಂತೆಗೆಲ್ಲ ಸಾಕಾಗ್ತಿತ್ತು" ಎಂದಳು.

ಲುದಿವಿನಾ ಸರಗೋಸಾ ಬಯಲಿನಿಂದ ಬರುವ ಲಾರಿಯಲ್ಲಿ ಬಾರ್ಲಿ ಹುಲ್ಲಿನ ಹೊರೆ ತರಿಸಿದಳು. ಎರ್ಲಿಂದಾ ತಮ್ಮದೇ ಗಿಡಗಳ ಹಣ್ಣು ಸುಲಿದು ಬಿಸಾಡಿದ ಸಿಪ್ಪೆಯನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಕೆಲಸದಲ್ಲಿ ಅವಳನ್ನು ಯಾರೂ ಹಳಿಯುವಂತಿರಲಿಲ್ಲ. ಆ ದಿನ ಸುಲಿದದ್ದನ್ನೇ ಆರಿಸಿದಳು, ಕಪ್ಪಗಾದದ್ದನ್ನು ತೆಗೆದಳು. ಗುಡ್ಡೆ ಹಾಕಿ ಮುಚ್ಚಿ, ಐದು ದಿನ ಬಿಸಿಯೇರಲು ಬಿಟ್ಟು, ನಡುವೆ ಮಗುಚಿದಳು. ಸಿಪ್ಪೆ ಒಂದೇ ಆದರೆ ಮುದ್ದೆಯಾಗಿ ಉಸಿರು ಕಟ್ಟುತ್ತದೆಂದು ಒಣಗಿದ ಜೋಳದ ದಂಟನ್ನು ಬೆರಳುದ್ದ ಕೊಚ್ಚಿ ಬೆರೆಸಿದಳು. ಉಳಿದದ್ದು ಸುಣ್ಣದ ತಿಳಿನೀರಲ್ಲಿ ಒಂದು ದಿನ ನೆನೆಸಿ ಬೇರೆ ಬೂಷ್ಟನ್ನೆಲ್ಲ ಕೊಲ್ಲುವ ಕೆಲಸ. ಸುಣ್ಣವೆಂದರೆ ಮತ್ತೆ ಲುದಿವಿನಾಳ ಬಾಗಿಲು.

"ಎರಡು ಬೊಗಸೆ ಸುಣ್ಣ ಬೇಕಿತ್ತು."

"ಜೋಳಕ್ಕಾದ್ರೆ ಕೊಡ್ತೀನಿ. ಕಸಕ್ಕೆ ಕೊಡಲ್ಲ."

"ಅದು ಮನೆ ಸುಣ್ಣ. ನಿನ್ನ ತೌರಿಂದ ಹೊತ್ಕೊಂಡು ಬಂದಿದ್ದಲ್ಲ."

"ನಿನ್ನ ತೌರಿಂದ ಏನು ಬಂತಮ್ಮ? ನೀನೊಬ್ಬಳು ಬಂದೆ, ಅದೂ ಬರಿಗಾಲಲ್ಲಿ."

ಎರ್ಲಿಂದಾ ತಿರುಗಿ ನಡೆದಳು. ಸಂತೆಗೆ ಇನ್ನೂ ನಾಲ್ಕು ದಿನವಿತ್ತು, ಹದಕ್ಕೆ ಬಂದ ಸಿಪ್ಪೆ ಅಲ್ಲಿಯವರೆಗೆ ಕಾಯುವುದಿಲ್ಲ. ಅತ್ತೆಗೆ ಹೇಳಿದ್ದರೆ ಸುಣ್ಣ ಕೊಡಿಸುತ್ತಿದ್ದಳೇನೋ. ಆದರೆ ಅತ್ತೆಯ ಮುಂದೆ ಹಲ್ಲು ಗಿಂಜುವುದಕ್ಕಿಂತ ಸಾಯುವುದು ಮೇಲೆನ್ನುವ ಹೆಣ್ಣು ಅದು. ಆಗ ಅವಳ ಕಣ್ಣು ಹಂದಿಗಳಿಗೆಂದು ಬಸಿದಿಟ್ಟ ನೀರಿನ ಮೇಲೆ ಬಿತ್ತು. ಸುಣ್ಣ ಹಾಕಿ ಜೋಳ ಬೇಯಿಸಿ ಬಸಿದ ಹಳದಿ ನೀರು, ಮೂರು ದಿನದ್ದು, ಪೀಪಾಯಿ ತುಂಬ. ಸುಣ್ಣ ತಾನೇ ಬೇಕಿದ್ದು? ಇದರಲ್ಲಿರುವುದು ಸುಣ್ಣವೇ ತಾನೇ? ಲುದಿವಿನಾಳ ಕೈಯಿಂದಲೇ ಬಂದ ಸುಣ್ಣ, ಅವಳಿಗೇ ಗೊತ್ತಿಲ್ಲದಂತೆ! ಎರ್ಲಿಂದಾಳಿಗೆ ನಗು ಬಂತು. ಸಿಪ್ಪೆಯನ್ನೆಲ್ಲ ಆ ನೀರಿಗೆ ಸುರಿದಳು. ಮರುದಿನ ಬಸಿದು, ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಿ ಹನಿ ತೊಟ್ಟಿಕ್ಕದಷ್ಟು ಆರಲು ಬಿಟ್ಟು, ಬಿತ್ತನೆ ಬೆರೆಸಿ ಎಂಟು ಪ್ಲಾಸ್ಟಿಕ್ ಚೀಲ ಕಟ್ಟಿದಳು. ಕೋಣೆಯ ಈ ಗೋಡೆಗೆ ಅವಳವು, ಆ ಗೋಡೆಗೆ ಲುದಿವಿನಾಳವು.

ಹನ್ನೆರಡನೆಯ ದಿನ ಬೆಳಿಗ್ಗೆ ನೋಡಲು ಹೋದವಳಿಗೆ ಹುಳಿ ಹಿಟ್ಟಿನ ವಾಸನೆ ಬಡಿಯಿತು. ಮೊದಲ ಚೀಲದ ಬೆನ್ನಲ್ಲಿ ಅಂಗೈಯಗಲ ಹಸಿರು ಬೂಷ್ಟು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಆ ನೀರಲ್ಲಿ ಸುಣ್ಣ ಮಾತ್ರವಲ್ಲ, ಮೂರು ದಿನದ ಜೋಳದ ಗಂಜಿಯೂ ಹುಳಿತು ಕೂತಿತ್ತು. ತಾನು ಬೂಷ್ಟನ್ನು ಕೊಂದದ್ದಲ್ಲ, ಅದಕ್ಕೆ ಔತಣ ಬಡಿಸಿದ್ದು ಎಂದು ಎರ್ಲಿಂದಾಳಿಗೆ ಆ ಕ್ಷಣದಲ್ಲೇ ತಿಳಿಯಿತು. ಎದುರು ಗೋಡೆಯಲ್ಲಿ ಲುದಿವಿನಾಳ ಎಂಟೂ ಚೀಲ ಅಣಬೆಯ ನೂಲು ಹಬ್ಬಿ ಬೆಳ್ಳಗೆ ನಿಂತಿದ್ದವು.

ಹಸಿರು ಕಂಡ ಕೂಡಲೇ ಅಲುಗಿಸದೆ ಹೊರಗೊಯ್ದು ಹೂಳಬೇಕು, ಇಲ್ಲದಿದ್ದರೆ ಅದರ ಪುಡಿ ಹಾರಿ ಎಲ್ಲಕ್ಕೂ ಅಂಟುತ್ತದೆ ಎಂದು ಇಂಜಿನಿಯರಮ್ಮ ಮೂರು ಸಲ ಹೇಳಿದ್ದಳು. ಅಂಗಳದಲ್ಲಿ ಲುದಿವಿನಾಳ ಹೆಜ್ಜೆ ಸದ್ದು ಕೇಳಿತು. ಎರ್ಲಿಂದಾ ಚೀಲಗಳನ್ನು ತಿರುಗಿಸಿ, ಹಸಿರು ಬದಿಯನ್ನು ಗೋಡೆಗೆ ಮಾಡಿದಳು.

"ಏನು, ನಿನ್ನ ಕಸ ಮೊಳೆಯಿತಾ?" ಬಾಗಿಲಲ್ಲಿ ನಿಂತು ಕೇಳಿದಳು ಲುದಿವಿನಾ.

"ನಿನ್ನ ಹುಲ್ಲಿಗಿಂತ ಚೆನ್ನಾಗಿದೆ. ನೆರಳು ಬೀಳ್ತಿದೆ, ಸರಿ ಆಚೆ."

ಐದು ದಿನ ಹೀಗೆ ಮುಚ್ಚಿಟ್ಟಳು. ದಿನವೂ ತಿರುಗಿಸಿ ನೋಡುವಳು, ದಿನವೂ ಹಸಿರು ಪುಡಿ ಏಳುವುದು. ಸುಳ್ಳು ಯಾಕೆ ಹೇಳಬೇಕು: ಲುದಿವಿನಾಳ ಚೀಲಗಳಿಗೂ ತಗಲಲಿ ಎಂದು ಅವಳು ಬೇಡಿಕೊಳ್ಳಲಿಲ್ಲ. ತಗಲದಿರಲಿ ಎಂದೂ ಬೇಡಿಕೊಳ್ಳಲಿಲ್ಲ.

ಆರನೆಯ ದಿನ ಕೋಣೆಯಿಂದ ಲುದಿವಿನಾಳ ಕೂಗು ಕೇಳಿತು. ಎರ್ಲಿಂದಾ ಓಡಿದಳು. ಲುದಿವಿನಾ ನೆಲದ ಮೇಲೆ ಕುಕ್ಕರಿಸಿದ್ದಳು. ಅವಳ ಚೀಲಗಳ ಗಾಳಿತೂತುಗಳ ಸುತ್ತ ಕಾಳುಕಾಳಿನಷ್ಟು ಹಸಿರು. ಎದುರು ಗೋಡೆಯ ಒಂದು ಚೀಲದ ಅಂಚಲ್ಲಿ ಇಣುಕುತ್ತಿದ್ದ ಹಸಿರೂ ಅವಳಿಗೆ ಕಂಡಿತ್ತು.

"ನಿನ್ನವೂ ಹೋದ್ವೇನೇ?"

"ಹೂಂ" ಎಂದಳು ಎರ್ಲಿಂದಾ. ಈಗ ಬೈಗುಳ ಶುರುವಾಗುತ್ತದೆಂದು ಶಾಲು ಬಿಗಿದು ನಿಂತಳು. ಉತ್ತರವೂ ಬಾಯಲ್ಲಿ ಸಿದ್ಧವಿತ್ತು.

ಲುದಿವಿನಾ ಬೈಯಲಿಲ್ಲ. "ನನ್ನಿಂದಲೇ ಆಯ್ತು" ಎಂದಳು, ನೆಲ ನೋಡುತ್ತ. "ಲಾರಿ ಬಂದ ದಿನ ಜಡಿಮಳೆ ಹಿಡಿದಿತ್ತು. ಅಡಿಯ ಹೊರೆ ನೆನೆದು ಕಪ್ಪಾಗಿತ್ತು. ಎಂಟು ಚೀಲ ತುಂಬಲ್ಲ ಅಂತ ಅದನ್ನೂ ಸೇರಿಸ್ಬಿಟ್ಟೆ. ಸುಣ್ಣಾನೂ ಅರ್ಧವೇ ಹಾಕಿದ್ದು. ನಿನಗೆ ಕೊಡಲ್ಲ ಅಂದಿದ್ನಲ್ಲ, ನಾನು ಸುರ್ಕೊಂಡ್ರೆ ನೀನು ಆಡ್ಕೋತೀಯ ಅಂತ. ಮೊದ್ಲು ನಂದೇ ಕೆಟ್ಟು ನಿಂದಕ್ಕೆ ಅಂಟಿಸಿದೆ."

ನೆನೆದ ಹುಲ್ಲಾಗಲಿ ಅರ್ಧ ಸುಣ್ಣವಾಗಲಿ ಆ ಚೀಲಗಳನ್ನು ಹದಿನೇಳು ದಿನ ಏನೂ ಮಾಡಿರಲಿಲ್ಲವೆಂದು ಎರ್ಲಿಂದಾಳಿಗೆ ಚೆನ್ನಾಗಿ ಗೊತ್ತಿತ್ತು.

"ತೆಗಿ, ನಿನ್ನವನ್ನೂ ನಾನೇ ಹೊತ್ತು ಹಾಕ್ತೀನಿ. ಮಾಡಿದ್ದು ನಾನು" ಎನ್ನುತ್ತ ಲುದಿವಿನಾ ಎದ್ದು ಈ ಗೋಡೆಯ ಕಡೆ ಬಂದಳು.

ಒಂದು ಚೀಲ ಬೆಳಕಿಗೆ ತಿರುಗಿದರೆ ಸಾಕು, ತಿರುಳಿನವರೆಗೆ ಹಸಿರೇರಿ ಕೊಳೆತದ್ದು ಕಾಣುತ್ತದೆ, ಯಾವುದು ಮೊದಲು ಕೆಟ್ಟದ್ದೆಂದು ಯಾರೂ ಹೇಳಬೇಕಿಲ್ಲ. ಎರ್ಲಿಂದಾ ಅಡ್ಡ ನಿಂತು ಶಾಲು ಬಿಚ್ಚಿ ಚೀಲಗಳ ಮೇಲೆ ಹೊದಿಸಿದಳು.

"ಬಿಡಕ್ಕ. ನಾನೇ ಹೊರ್ತೀನಿ. ನಿನ್ನವನ್ನೂ ನಾನೇ ಒಯ್ತೀನಿ. ನೀನು ಹೋಗಿ ಮುಖ ತೊಳ್ಕೋ."

ನಾಲ್ಕು ಸಲ ಕೊರಕಲಿಗಿಳಿದು, ಗುಂಡಿ ತೋಡಿ, ಹದಿನಾರೂ ಚೀಲ ಹೂತು ಮೇಲೆ ಬಂದಳು. ಅಂಗಳದಲ್ಲಿ ಅತ್ತೆ ಕೋಣೆಯ ಕೀಲಿ ಹಿಡಿದು ನಿಂತಿದ್ದಳು. ಲುದಿವಿನಾ ಎಲ್ಲ ಹೇಳಿ ಆಗಿತ್ತು.

"ಇವಳಿಗೇ ಕೊಡಿ ಅತ್ತೆ" ಎಂದಳು ಲುದಿವಿನಾ. "ನಾನು ಹಾಳು ಮಾಡದಿದ್ರೆ ಇವಳದೇ ಬರ್ತಿತ್ತು. ಒಂದು ಮಾತು ಬೈಲಿಲ್ಲ ಇವಳು ನನ್ನ. ನನ್ನ ಚೀಲಾನೂ ತಾನೇ ಹೊತ್ಲು. ಏಳು ವರ್ಷ ಇವಳನ್ನ ತಪ್ಪು ತಿಳ್ಕೊಂಡಿದ್ದೆ."

"ನೀನೇನಂತೀಯ?" ಎಂದು ಅತ್ತೆ ಎರ್ಲಿಂದಾಳನ್ನು ಕೇಳಿದಳು.

ಲುದಿವಿನಾ ಕೆಟ್ಟ ಮಾತಾಡಿದ್ದರೆ, ತೌರನ್ನು ಎತ್ತಿ ಹಂಗಿಸಿದ್ದರೆ, ಎರ್ಲಿಂದಾ ಆ ಸಿಟ್ಟಿನಲ್ಲೇ ನಿಜ ಹೇಳಿ ಮುಖಕ್ಕೆ ಬಿಸಾಡುತ್ತಿದ್ದಳು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಆದರೂ ಕೈ ನೀಡಿದಳು, ಕೀಲಿ ತೆಗೆದುಕೊಂಡಳು.

"ಮನಸ್ಸಲ್ಲಿ ಇಟ್ಕೋಬೇಡ್ವೇ" ಎಂದಳು ಲುದಿವಿನಾ. "ಕ್ಷಮಿಸಿಬಿಡು."

"ಆಯ್ತಕ್ಕ" ಎಂದಳು ಎರ್ಲಿಂದಾ. "ಕ್ಷಮಿಸಿದ್ದೀನಿ."