ಶುಕ್ರವಾರದ ಕೊನೆಯ ಪಿರಿಯಡ್

ಒಂದು ಸೋಮವಾರ ಸಂಜೆ ಅಮೃತೂರಿನ ಬಸ್ ಸ್ಟ್ಯಾಂಡಿನಲ್ಲಿ, ಕುಣಿಗಲ್ ಕಡೆಯ ಪ್ರೈವೇಟ್ ಬಸ್ಸಿಗೆ ಕಾಯುತ್ತಿದ್ದ ರೂಪಶ್ರೀಯ ಕೆನ್ನೆಗೆ ಕಾಂತೇಶ್ ಹೊಡೆದ. ಇಬ್ಬರೂ ಹತ್ತನೇ ತರಗತಿ, ಒಂದೇ ಸೆಕ್ಷನ್. ಎರಡು ತಿಂಗಳಿಂದ ಅವಳು ಅಮ್ಮನ ಮೊಬೈಲಿನಲ್ಲಿ ಅವನಿಗೆ ಮೆಸೇಜ್ ಮಾಡುತ್ತಿದ್ದಳು. ಯಾರ ಪಕ್ಕ ಕೂತಿದ್ದೆ, ಯಾಕೆ ನಕ್ಕೆ ಎಂದು ಅವನು ದಿನಾ ವಿಚಾರಣೆ ಶುರುವಿಟ್ಟುಕೊಂಡ ಮೇಲೆ ಬೇಸತ್ತು ನಂಬರ್ ಬ್ಲಾಕ್ ಮಾಡಿದಳು. ಅದಕ್ಕೇ ಆ ಏಟು. ಅಲ್ಲಿದ್ದ ಜನ ನೋಡುತ್ತ ನಿಂತರು. ಒಬ್ಬ ಕಂಡಕ್ಟರ್ ಕಾಂತೇಶನನ್ನು ಗದರಿಸಿ ಆಚೆ ಕಳಿಸಿದ. ಬಸ್ ಹೊರಟಿತು.

ಮಾರನೇ ದಿನ ರೂಪಶ್ರೀ ಸ್ಕೂಲಿಗೆ ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅದೇ ಮಾತು. ಪಿಟಿ ಮೇಷ್ಟ್ರು ಮೂಡಲಗಿರಿಯಪ್ಪನವರಿಗೆ ಇಪ್ಪತ್ತೆಂಟು ವರ್ಷದ ಸರ್ವೀಸು. ಕಾಂತೇಶ್ ಅವರ ಕಬಡ್ಡಿ ಟೀಮಿನ ಕ್ಯಾಪ್ಟನ್, ಶನಿವಾರ ಕುಣಿಗಲ್‌ನಲ್ಲಿ ತಾಲ್ಲೂಕು ಮಟ್ಟದ ಪಂದ್ಯ. ವಯಸ್ಸಿನ ಹುಡುಗ, ಬೈದು ಬಿಡೋಣ, ಆ ಹುಡುಗಿಯೂ ಫೋನಿನಲ್ಲಿ ಅಷ್ಟೆಲ್ಲ ಮಾತಾಡಬಾರದಿತ್ತು ಎಂದು ಅವರು ಹೇಳಿದರು. ವಿಜ್ಞಾನದ ನೇತ್ರಾವತಿ ಮೇಡಂ ನೋಟ್ಸ್ ತಿದ್ದುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

“ಸರ್, ಎದುರು ಟೀಮಿನ ಹುಡುಗನಿಗೆ ಇವ್ನು ಹಿಂಗೇ ಕಪಾಳಕ್ಕೆ ಹೊಡ್ದಿದ್ರೆ ಏನ್ ಮಾಡ್ತಿದ್ರಿ?”

ಟೀಮಿನಿಂದ ತೆಗೆಯುತ್ತಿದ್ದೆ ಎಂಬ ಉತ್ತರ ಅವರ ಬಾಯಿಗೆ ಬಂತು. ಹೇಳಲಿಲ್ಲ. ಸಂಜೆ ಮೇಡಂ ರೂಪಶ್ರೀಯ ಮನೆಗೆ ಹೊರಟಾಗ ತಾವೂ ಬರುತ್ತೇನೆಂದು ಅವರ ಸ್ಕೂಟಿಯ ಹಿಂದೆ ಕೂತರು. ಅಷ್ಟು ವರ್ಷದ ಸರ್ವೀಸಿನಲ್ಲಿ ಹೆಂಗಸರ ಗಾಡಿಯಲ್ಲಿ ಕೂತದ್ದು ಅದೇ ಮೊದಲು.

ಅವಳ ತಾಯಿ ಶಿವರುದ್ರಮ್ಮ ಚಾಪೆ ಹಾಕಿ ಕೂರಿಸಿದರು. ಮಗಳನ್ನು ಇನ್ನು ಕಳಿಸುವುದಿಲ್ಲ, ಮನೆಯಲ್ಲೇ ಓದಿಕೊಂಡು ಪರೀಕ್ಷೆಗೆ ಮಾತ್ರ ಬರಲಿ ಎಂದರು. ಬಸ್ ಸ್ಟ್ಯಾಂಡಿನಲ್ಲಿ ನೋಡಿದವರು ನಾಳೆ ಏನೇನು ಕಟ್ಟಿ ಆಡುತ್ತಾರೋ ಎಂಬುದೇ ಅವರ ಭಯ. ಸುಮ್ಮನೆ ಅತ್ತದ್ದು ಬಿಟ್ಟರೆ ಮಗಳು ತನಗೆ ಏನನ್ನೂ ಹೇಳಿಲ್ಲ ಎಂದು ಕಣ್ಣೊರೆಸಿಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ರೂಪಶ್ರೀಯನ್ನು ನೇತ್ರಾವತಿ, ನಿನಗೆ ಏನು ಬೇಕಮ್ಮ ಎಂದು ಕೇಳಿದರು. ಅವಳು ಮೇಡಂ ಕಡೆ ನೋಡಲಿಲ್ಲ, ಪಿಟಿ ಮೇಷ್ಟ್ರನ್ನೇ ನೋಡಿದಳು.

“ಏಟು ತಿಂದಿರೋಳು ನಾನು. ಮನೇಲಿ ಕೂತಿರೋಳೂ ನಾನೇ. ನನ್ನದೇನೂ ತಪ್ಪಿಲ್ಲ ಅಂತ ಕ್ಲಾಸಲ್ಲಿ ನೀವು ಹೇಳ್ತೀರಾ ಸರ್? ಹೇಳಿದ್ರೆ ಬರ್ತೀನಿ.”

ಬೆಳಿಗ್ಗೆ ತಾವು ಆಡಿದ ಮಾತು ಇವಳ ಕಿವಿಗೆ ಬಿದ್ದಿರಲಾರದು, ಆದರೂ ಮೇಷ್ಟ್ರಿಗೆ ಮುಖ ಎತ್ತಲಾಗಲಿಲ್ಲ. ಹೇಳುತ್ತೇನಮ್ಮ ಎಂದರು. ಬುಧವಾರ ಮೊದಲ ಪಿರಿಯಡ್ಡಿನಲ್ಲೇ ಹೇಳಿದರು. ಕಾಂತೇಶ್ ಶನಿವಾರ ಆಡುವುದಿಲ್ಲ ಎಂದೂ ಸೇರಿಸಿದರು. ಗುರುವಾರ ತಾಯಿಯ ಜೊತೆ ಬಂದ ರೂಪಶ್ರೀ ತನ್ನ ಜಾಗದಲ್ಲೇ ಕೂತಳು. ಶನಿವಾರ ಟೀಮು ಮೊದಲ ಪಂದ್ಯದಲ್ಲೇ ಸೋತಿತು. ಹುಡುಗರು ಮೇಷ್ಟ್ರ ಜೊತೆ ಮಾತು ಬಿಟ್ಟರು.

ಮುಂದಿನ ಶುಕ್ರವಾರದ ಕೊನೆಯ ಪಿರಿಯಡ್ಡನ್ನು ನೇತ್ರಾವತಿ ಹೆಡ್‌ಮಾಸ್ಟರರಿಂದ ಕೇಳಿ ಪಡೆದರು. ಮೊದಲು ಮೂಡಲಗಿರಿಯಪ್ಪನವರೇ ಎದ್ದು ನಿಂತು ಹೆಣ್ಣುಮಕ್ಕಳನ್ನು ಅಕ್ಕತಂಗಿಯರಂತೆ ಕಾಣಬೇಕು ಎಂದು ಹತ್ತು ನಿಮಿಷ ಹೇಳಿದರು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಕೇಳಿಸಿತು. ಅವರು ಬೆವರೊರೆಸಿಕೊಂಡು ಕೂತರು. ನೇತ್ರಾವತಿ ಭಾಷಣಕ್ಕೆ ಹೋಗದೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಯಾರದೋ ಸಿಟ್ಟಿಗೆ ನೀವು ಹೆದರಿದ ಒಂದು ಪ್ರಸಂಗವನ್ನು ಬರೆಯಿರಿ, ಹೆಸರು ಬೇಡ ಎಂದರು.

ಬರೆದ ಹಾಳೆಗಳನ್ನು ತೆಗೆದುಕೊಂಡು ಕಲೆಸಿ ಒಂದೊಂದಾಗಿ ಓದತೊಡಗಿದರು. ಟ್ಯೂಷನ್ನಿಗೆ ಹೋಗುವಾಗ ಬೈಕಿನಲ್ಲಿ ಹಿಂದೆ ಬಂದವನಿಗೆ, ಫೋಟೋ ಕಳಿಸದಿದ್ದರೆ ಕೈ ಕುಯ್ದುಕೊಳ್ಳುತ್ತೇನೆ ಎಂದವನಿಗೆ, ಅಣ್ಣನಿಗೆ, ಮಾವನಿಗೆ ಹೆದರಿದ್ದನ್ನು ಮಕ್ಕಳು ಬರೆದಿದ್ದರು. ನಗು ನಿಂತುಹೋಗಿತ್ತು. ಒಂದು ಹಾಳೆಯಲ್ಲಿ, ‘ಅಪ್ಪ ಅಮ್ಮನಿಗೆ ಹೊಡೆಯುತ್ತಾರೆ. ಆಮೇಲೆ ಪ್ರೀತಿಗೇ ಹೊಡೆದೆ ಅನ್ನುತ್ತಾರೆ’ ಎಂದಿತ್ತು. ಇನ್ನೊಂದರಲ್ಲಿ, ‘ಪಿಟಿ ಸರ್ ಬೆತ್ತ’ ಎಂದಷ್ಟೇ. ನೇತ್ರಾವತಿ ಅದನ್ನೂ ಗಟ್ಟಿಯಾಗಿಯೇ ಓದಿದರು. ಆಮೇಲಿನ ಮೂರು ಹಾಳೆಗಳಲ್ಲೂ ಅದೇ ಇತ್ತು.

ಮೂಡಲಗಿರಿಯಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಎದ್ದು ಹೊರಗೆ ಹೋಗುತ್ತಾರೆಂದೇ ಮಕ್ಕಳು ಅಂದುಕೊಂಡರು. ಅವರು ಬೋರ್ಡಿನ ಮುಂದೆ ಬಂದು ನಿಂತರು.

“ಹೊಡುದ್ರೆ ಮಕ್ಳು ಸರಿ ಹೋಯ್ತಾರೆ ಅಂತಿದ್ದೆ,” ಎಂದರು. “ನೀವು ಹೆದರ್ಕೊಂಡ್ರಿ, ಅಷ್ಟೇ. ತಪ್ಪು ನಂದು. ಇನ್ ಮೇಲೆ ಹೊಡಿಯಲ್ಲ.”

ಸ್ಕೂಲಿನಲ್ಲಾಗಲಿ ಮನೆಯಲ್ಲಾಗಲಿ ಒಬ್ಬ ದೊಡ್ಡ ಗಂಡಸು ಹೀಗೆ ಹೇಳಿದ್ದನ್ನು ಆ ಮಕ್ಕಳು ಕೇಳಿರಲಿಲ್ಲ.

ಬೆಲ್ ಹೊಡೆದು ಎಲ್ಲರೂ ಹೋದ ಮೇಲೂ ಕಾಂತೇಶ್ ಬೆಂಚಿನಲ್ಲೇ ಉಳಿದ. ಅಪ್ಪ ಅಮ್ಮನ ಹಾಳೆ ತನ್ನದು ಎಂದು ಒಪ್ಪಿಕೊಂಡ. ರೂಪಶ್ರೀಗೆ ಹೊಡೆದಾಗ ತನ್ನ ಕೈ ಅಪ್ಪನ ಕೈಯಂತೆಯೇ ಎದ್ದಿತ್ತು ಎಂದು ತಡವರಿಸುತ್ತ ಹೇಳಿದ. ಅವಳಿಗೆ ಕ್ಷಮೆ ಕೇಳಬೇಕು, ಮನೆಗೆ ಹೋಗಲಾ ಎಂದು ಕೇಳಿದ. ಮನೆಯ ಹತ್ತಿರ ಸುಳಿಯಬೇಡ, ಎಲ್ಲಿ ಹೇಗೆ ಎಂಬುದು ಅವಳ ಇಷ್ಟ ಎಂದು ನೇತ್ರಾವತಿ ತಡೆದರು. ಅವನ ತಾಯಿಯನ್ನು ತಾವೇ ಹೋಗಿ ಕಂಡರು. ಮಹಿಳಾ ಸಹಾಯವಾಣಿಯ ನಂಬರ್ ಕೊಟ್ಟು, ಬೇಕೆಂದಾಗ ಜೊತೆಗೆ ಬರುತ್ತೇನೆ ಎಂದು ಹೇಳಿ ಬಂದರು.

ರೂಪಶ್ರೀ ಎರಡು ವಾರ ಯೋಚಿಸಿದಳು. ಕ್ಲಾಸಿನ ಮುಂದೆಯೇ ಹೇಳಲಿ, ಆಮೇಲೆ ನನ್ನ ಜೊತೆ ಮಾತಾಡಕೂಡದು ಎಂದಳು. ಕಾಂತೇಶ್ ಬೋರ್ಡಿನ ಪಕ್ಕ ನಿಂತು, ನೆಲ ನೋಡದೆ ಹೇಳಿದ.

“ಬ್ಲಾಕ್ ಮಾಡೋದು ನಿನ್ನಿಷ್ಟ. ನಾನು ಹೊಡ್ದಿದ್ದು ತಪ್ಪು. ಸಾರಿ.”

“ಕೇಳಿಸ್ಕೊಂಡೆ,” ಎಂದಳು ರೂಪಶ್ರೀ. ಪರವಾಗಿಲ್ಲ ಎನ್ನಲಿಲ್ಲ. ಹಾಗೆನ್ನು ಎಂದು ಯಾರೂ ಅವಳನ್ನು ಒತ್ತಾಯಿಸಲೂ ಇಲ್ಲ.

ಶುಕ್ರವಾರದ ಆ ಪಿರಿಯಡ್ ನಿಲ್ಲಲಿಲ್ಲ. ಒಂಬತ್ತನೆಯವರೂ ತಮಗೂ ಬೇಕೆಂದು ಕೇಳಿದರು. ಕಾಂತೇಶ್ ಟೀಮಿಗೆ ವಾಪಸಾದ, ಕ್ಯಾಪ್ಟನ್ ಆಗಿ ಅಲ್ಲ. ರೂಪಶ್ರೀ ಆ ಬೇಸಿಗೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದಳು. ಅವಳ ಟಿಸಿ ತೆಗೆದುಕೊಳ್ಳಲು ಬಂದ ದಿನ ಶಿವರುದ್ರಮ್ಮ ನೇತ್ರಾವತಿಯವರನ್ನು ಹುಡುಕಿಕೊಂಡು ಹೋದರು. ಆ ಹಾಳೆ ಬರೆಸುವ ಕ್ಲಾಸನ್ನು ಒಂದು ಭಾನುವಾರ ನಮ್ಮ ಬೀದಿಯ ಹೆಂಗಸರಿಗೂ ಮಾಡುತ್ತೀರಾ ಮೇಡಂ, ನಮ್ಮ ಮನೆಯಲ್ಲೇ ಮಾಡೋಣ ಎಂದರು.