ಏನು ಕಳಿಸಬೇಕೆಂದು ಹೇಳದೆ ಕಾಣೆಯಾದ ಶೆರ್ಮಾತ್

ಬುಧವಾರ ಹತ್ತೂವರೆ ಹೊತ್ತಿಗೆ ಬುರುಲ್ ಒಲೆಯ ಬೂದಿ ಚೆಲ್ಲಲು ಹೊರಗೆ ಬಂದಳು. ನೋಡಿದರೆ ಗಂಡನ ಕುದುರೆ ತೊರು ಬೇಲಿಗೆ ಮೂತಿ ಉಜ್ಜುತ್ತ ನಿಂತಿದೆ. ಜೀನು ಬಿಗಿದಂತೆಯೇ ಇದೆ, ಲಗಾಮನ್ನು ಯಾರೋ ಅಚ್ಚುಕಟ್ಟಾಗಿ ಜೀನಿಗೆ ಸುತ್ತಿದ್ದಾರೆ. ಗಂಡ ಮಾತ್ರ ಇಲ್ಲ.

ಶೆರ್ಮಾತ್ ಹಿಂದಿನ ದಿನ ಬೆಳಿಗ್ಗೆ ತಪ್ಪಿಸಿಕೊಂಡ ಹೆಣ್ಣುಕುದುರೆಯೊಂದನ್ನು ಹುಡುಕಿಕೊಂಡು ಶಾಮಾಲ್ ಕಣಿವೆಗೆ ಹೋಗಿದ್ದ. ಚಳಿಗಾಲದಲ್ಲಿ ಆ ಕಣಿವೆಗೆ ಒಬ್ಬನೇ ಹೋಗುವ ಗಂಡಸು ಉಜುನ್‌ಬುಲಾಕ್ ಊರಿನಲ್ಲಿ ಅವನೊಬ್ಬನೇ. ಹಾಗೆಂದು ಅವನೇ ಹೇಳುತ್ತಿದ್ದ. ಪ್ರತಿ ಸಲ ಬಂದಾಗಲೂ ಒಂದು ಕಥೆ ತರುತ್ತಿದ್ದ. ಎದೆಯವರೆಗೆ ಹಿಮದಲ್ಲಿ ಹೂತುಹೋದದ್ದು, ಬಂಡೆಯ ಸಂದಿಯಲ್ಲಿ ಮುದುರಿ ಮಲಗಿದ್ದು, ತೋಳವೊಂದರ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ನಾಚಿಸಿ ಓಡಿಸಿದ್ದು. ಬುರುಲ್ ಮೂವತ್ತನಾಲ್ಕು ವರ್ಷ ಇವನ್ನೆಲ್ಲ ಕೇಳಿ, ಅವನ ಪಾದಕ್ಕೆ ಕುರಿಕೊಬ್ಬು ತಿಕ್ಕುತ್ತ ಬಂದಿದ್ದಳು.

ಜೀನಿಗೆ ದಾರದಿಂದ ಕಟ್ಟಿದ ಒಂದು ಚೀಟಿಯಿತ್ತು. ದಾರಿಯಲ್ಲಿ ಹಿಮ ಬಿದ್ದು ಪೆನ್ಸಿಲ್ ಅಕ್ಷರವೆಲ್ಲ ಕಲಸಿಹೋಗಿ, ಉಳಿದದ್ದು ಕೊನೆಯ ಸಾಲು ಮಾತ್ರ: "ಬೇಗ ಕಳಿಸು. ಶೆರ್ಮಾತ್."

"ಏನ್ ಕಳಿಸ್ಬೇಕು?" ಎಂದ ಬುರುಲಳ ತಮ್ಮ ಕಾಪಾರ್, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತ.

"ನಂಗೊತ್ತಿದ್ರೆ ಇಷ್ಟೊತ್ತಿಗೆ ಕಳಿಸಿರ್ತಿರ್ಲಿಲ್ವೇನೋ, ದಡ್ಡ?"

ಅರ್ಧ ಗಂಟೆಯಲ್ಲಿ ಅಂಗಳ ತುಂಬ ಜನ. ಡಾಕ್ಟರನ್ನು ಕಳಿಸು ಅಂತ ಬರೆದಿರಬೇಕು ಎಂದರು ಕೆಲವರು. ಕೊನೆಯ ಪ್ರಾರ್ಥನೆಗೆ ಮುಲ್ಲಾನನ್ನೇ ಕಳಿಸು ಅಂದಿರಬೇಕು ಎಂದು ಪಕ್ಕದ ಮನೆಯ ಮುದುಕಿ ಕಣ್ಣೊರೆಸಿಕೊಂಡಳು. ಅದನ್ನು ಕೇಳಿದ ಮುಲ್ಲಾ ತನಗೆ ಸೊಂಟನೋವು ಎಂದು ಮನೆಗೆ ಹೊರಟೇಬಿಟ್ಟ. ಊರಿನ ಪೊಲೀಸ್ ತಾಲಾಯ್‌ಗೆ ಹನ್ನೊಂದು ವರ್ಷದಲ್ಲಿ ಹುಂಜದ ಕಳ್ಳತನಕ್ಕಿಂತ ದೊಡ್ಡ ಕೇಸು ಸಿಕ್ಕಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, "ಇದು ಅಪಹರಣ," ಎಂದ.

"ಅವ್ರನ್ನ ಅಪಹರಿಸಿ ಯಾರಿಗೇನಪ್ಪಾ ಲಾಭ?" ಎಂದಳು ಬುರುಲ್. "ಎರಡು ದಿನ ಅವ್ರ ಮಾತು ಕೇಳಿದ್ರೆ ಎತ್ಕೊಂಡು ಹೋದವ್ರೇ ತಂದು ಬಿಟ್ಟು, ಕೈಮುಗ್ದು ಹೋಗ್ತಾರೆ."

ಬಾಯಲ್ಲಿ ಹಾಗೆಂದವಳು ಮರುಕ್ಷಣವೇ ಒಳಗೆ ಓಡಿದಳು. ಏನು ಕಳಿಸಬೇಕೆಂದು ಗೊತ್ತಿಲ್ಲದ್ದರಿಂದ ಎಲ್ಲವನ್ನೂ ಕಟ್ಟಿದಳು: ಹಗ್ಗ, ಬಂದೂಕು, ರೊಟ್ಟಿ, ಬೇಯಿಸಿದ ಕುರಿಮಾಂಸ, ಅಯೋಡಿನ್, ಗುದ್ದಲಿ, ಅವನ ಓದುವ ಕನ್ನಡಕ. ಕಾಪಾರ್ ಒಂದು ಕುದುರೆ, ತಾಲಾಯ್ ಒಂದು ಕುದುರೆ ಏರಿದರು. ಬುರುಲ್ ತೊರುವನ್ನೇ ಹತ್ತಿ ಲಗಾಮು ಸಡಿಲ ಬಿಟ್ಟಳು. ಬಂದ ದಾರಿ ಅದಕ್ಕೆ ಗೊತ್ತಿರಬೇಕಲ್ಲ.

ಗೊತ್ತಿತ್ತು. ಸೇತುವೆ ದಾಟಿದ್ದೇ ತೊರು ಕಣಿವೆಯ ದಾರಿ ಬಿಟ್ಟು ಎಡಕ್ಕೆ ತಿರುಗಿ, ಜೇನು ಸಾಕುವ ಸೈರಾಳ ಮನೆಯ ಕೊಟ್ಟಿಗೆಗೆ ಹೋಗಿ ನಿಂತುಕೊಂಡಿತು. ಗೊರಸಿನ ಸದ್ದಿಗೆ ಬಾಗಿಲು ತೆರೆಯಿತು. ಸೈರಾ ಟೀ ಕೆಟಲ್ ಹಿಡಿದೇ ಹೊರಗೆ ಬಂದವಳು ಮುಖವೆತ್ತದೆ, "ಬನ್ನಿ ಅಣ್ಣ, ಇವತ್ತು ಕಾಯಿಸಿದ್ದು ಆರೇಹೋಯ್ತು," ಎಂದಳು. ಆಮೇಲೆ ಜೀನಿನ ಮೇಲೆ ಬುರುಲಳನ್ನು ಕಂಡು ಬಾಯಿ ಮುಚ್ಚಿಕೊಂಡಳು.

"ಇವ್ರು ಇಲ್ಲಿಗೆ ಬರ್ತಾರಾ?"

"ಅಪರೂಪಕ್ಕೆ ಅಕ್ಕಾ. ವಾರಕ್ಕೆ ಎರಡು ಸಲ ಅಷ್ಟೇ. ಒಲೆ ಪಕ್ಕ ಕೂತು ನಮ್ಮ ಯಜಮಾನರ ಹತ್ರ ಮಾತಾಡಿ, ಊಟದ ಹೊತ್ತಿಗೆ ಹೊರಡ್ತಾರೆ."

"ಇವತ್ತು ಬೆಳಿಗ್ಗೆ?"

"ಕುದುರೆ ಒಂದೇ ಬಂತು. ಬಾರ್ಲಿ ಹಾಕ್ದೆ, ತಿಂದು ಹೋಯ್ತು. ಅಣ್ಣ ಮುಂದಿನ ಮನೇಲಿ ಕೂತಿರ್ಬೇಕು ಅಂದ್ಕೊಂಡೆ."

ಮುಂದಿನ ಮನೆ! ಬುರುಲ್ ಹಲ್ಲು ಕಚ್ಚಿ ಕುದುರೆ ತಿರುಗಿಸಿದಳು. ಮುಂದಿನ ಮನೆ ರಸ್ತೆಯ ಹಿಮ ತೆಗೆಯುವವನದು. ತೊರು ಅಲ್ಲಿಯೂ ನಿಂತಿತು. ಅವನ ಹೆಂಡತಿ ಎಣ್ಣೆಯಲ್ಲಿ ಹಿಟ್ಟಿನ ತುಂಡು ಬಿಟ್ಟು ಬಿಸಿಬಿಸಿ ಬೊರ್ಸೊಕ್ ಕರಿಯುತ್ತಿದ್ದಳು. ಶೆರ್ಮಾತಣ್ಣನಿಗೆ ಇದರ ಮೇಲೆ ಪ್ರಾಣ ಎಂದು ಹೇಳುತ್ತ ಒಂದು ಬುಟ್ಟಿ ಮುಂದಿಟ್ಟಳು. ಮೂರನೆಯದು ಕುರಿಗಾಹಿಯ ಬಿಡಾರ. ಅಲ್ಲಿ ಅವನಿಗೆಂದೇ ಒಂದು ದಿಂಬು ಮೀಸಲಿತ್ತು. ಹೂವಿನ ಕಸೂತಿಯ ದಿಂಬು.

"ಬಂಡೆ ಸಂದಿ!" ಎಂದಳು ಬುರುಲ್, ದಿಂಬನ್ನು ಎತ್ತಿ ಹಿಡಿದು.

"ತನಿಖೆಗೆ ಇದು ಬೇಕಾಗುತ್ತೆ," ಎಂದ ತಾಲಾಯ್. ಅವನು ಮೂರು ಮನೆಯಲ್ಲೂ ಟೀ ಕುಡಿದು, ಬೊರ್ಸೊಕ್ ತಿಂದು, ಕೋಟಿನ ಕೆಳಗಿನ ಗುಂಡಿ ಬಿಚ್ಚಿಕೊಂಡಿದ್ದ.

"ಭಾವ ಸಿಗೋದು ಒಂಚೂರು ತಡವಾದ್ರೂ ಪರವಾಗಿಲ್ಲ ಅಲ್ವಾ?" ಎಂದು ಕಾಪಾರ್ ಅವನನ್ನು ಕೆಣಕಿದ.

ಬುರುಲ್ ನಗಲಿಲ್ಲ. ಮನೆಯಿಂದ ಹೊರಟಾಗ ಇದ್ದ ಭಯ ಮೊದಲ ಮನೆಯಲ್ಲೇ ಸಿಟ್ಟಾಗಿತ್ತು. ಈಗ ಸಿಟ್ಟೂ ಇಳಿದಿತ್ತು. ಇಷ್ಟೊಂದು ಮನೆಯವರಿಗೆ ತನ್ನ ಗಂಡ ಗೊತ್ತು. ತನಗೆ ಗೊತ್ತಿದ್ದದ್ದು ತೋಳ ಓಡಿಸುವವನೊಬ್ಬ.

ಬಿಡಾರದ ಆಚೆ ಮನೆಗಳಿರಲಿಲ್ಲ. ದಾರಿ ಕಡಿದಾಯಿತು, ಗಾಳಿ ಹಿಮದ ಪುಡಿಯನ್ನು ಮುಖಕ್ಕೆ ಎರಚಿತು. ತೊರು ಮೊಣಕಾಲುದ್ದ ಹಿಮದಲ್ಲಿ ತಲೆ ಬಗ್ಗಿಸಿ ಹತ್ತುತ್ತಲೇ ಹೋಯಿತು. ತೊರೆಯ ಹತ್ತಿರ ಒಡೆದ ಮಂಜುಗಡ್ಡೆಯ ದೊಡ್ಡ ಗುಂಡಿ ಕಂಡಾಗ ಮೂವರೂ ಕುದುರೆ ನಿಲ್ಲಿಸಿದರು. ಗುಂಡಿಯ ಅಂಚಿನಲ್ಲಿ ಒಂದು ಕೈಗವಸು ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಅದನ್ನು ಹೆಣೆದವಳು ಬುರುಲೇ.

"ಅಕ್ಕಾ..." ಎಂದ ಕಾಪಾರ್.

"ಸುಮ್ನಿರು. ಕುದುರೆ ಇನ್ನೂ ಮೇಲಕ್ಕೆ ನೋಡ್ತಿದೆ."

ಮೇಲೆ, ಗುಡ್ಡದ ಭುಜದ ಮೇಲೆ ಹವಾಮಾನ ಕೇಂದ್ರ. ಹಿಮ ಅಳೆಯುವ ಕೋಲು, ಗಾಳಿಗೆ ತಿರುಗುವ ಬಟ್ಟಲುಗಳು, ಒಂದು ಗುಡಿಸಲು, ಚಿಮಣಿಯಲ್ಲಿ ಹೊಗೆ. ಬಾಗಿಲು ತೆರೆದವನು ಅಲ್ಲಿ ಒಬ್ಬನೇ ಇರುವ ಚೊರೊ. ಅವನು ಬುರುಲಳ ಹೆಗಲಿಗೂ ಬಾರದ ಪುಟ್ಟ ಮುದುಕ.

"ತಂದ್ರಾ?" ಎಂದು ಕೇಳಿದ ಅವನು.

"ಏನನ್ನ?" ಎಂದರು ಮೂವರೂ ಒಟ್ಟಿಗೆ.

ಒಳಗಿನಿಂದ ನರಳಿದ ಸದ್ದು ಬಂತು. ಒಲೆಯ ಪಕ್ಕ ಗದ್ದದವರೆಗೆ ರಜಾಯಿ ಸುತ್ತಿಕೊಂಡು ಶೆರ್ಮಾತ್ ಕೂತಿದ್ದ. ಹೆಂಡತಿಯನ್ನು ನೋಡಿ ಒಮ್ಮೆ ಹಿಗ್ಗಿದ, ಹಿಂದೆ ಪೊಲೀಸನನ್ನು ನೋಡಿ ಮುದುಡಿದ.

ತಾಲಾಯ್ ಪುಸ್ತಕ ತೆರೆದ. "ನೀವು ಕಳಿಸಲು ಕೇಳಿದ್ದು ಏನು? ನಿಧಾನವಾಗಿ ಹೇಳಿ. ಬರ್ಕೋಬೇಕು."

"ಪ್ಯಾಂಟು," ಎಂದ ಶೆರ್ಮಾತ್, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ.

ಸಂಗತಿ ಇಷ್ಟೇ. ತೊರೆಯಲ್ಲಿ ಮಂಜು ಒಡೆದು ಸೊಂಟದವರೆಗೆ ಮುಳುಗಿದ. ಈ ಸಲ ನಿಜವಾಗಿಯೂ. ತೊರುವಿನ ಬಾಲ ಹಿಡಿದು ಮೇಲೆ ಬಂದು, ಹೇಗೋ ಇಲ್ಲಿಗೆ ತಲುಪಿದ. ಹತ್ತಿ ತುಂಬಿದ ಪ್ಯಾಂಟನ್ನು ಒಲೆಯ ಮೇಲೆ ಒಣಗಲು ಹರವಿ, ಚೊರೊ ಜೊತೆ ಗುಳಿಮಣೆ ಆಡುತ್ತ ಕೂತ. ಆಟ ರಂಗೇರಿತು. ಪ್ಯಾಂಟು ಸುಟ್ಟಿತು. ಉಳಿದದ್ದು ಬೆಲ್ಟು ಮತ್ತು ಎರಡು ಗುಂಡಿ. ಚೊರೊನ ಪ್ಯಾಂಟು ಅವನಿಗೆ ಮೊಣಕಾಲಿನಿಂದ ಮೇಲೇರಲೇ ಇಲ್ಲ.

"ನಾನು ರೇಡಿಯೋದಲ್ಲಿ ಹೇಳ್ತೀನಿ ಅಂದೆ," ಎಂದ ಚೊರೊ. "ಬೇಡ ಅಂತ ಕಾಲಿಗೆ ಬಿದ್ಬಿಟ್ಟ. ಸಂಜೆ ಎಂಟಕ್ಕೆ ನಾನು ಮಾತಾಡೋದನ್ನ ಇಡೀ ಜಿಲ್ಲೆಯ ಕೇಂದ್ರಗಳು ಕೇಳ್ತಾವಂತೆ. ಅದೂ ನಿಜವೇ. ಅದಕ್ಕೇ ಚೀಟಿ ಬರ್ದು ಜೀನಿಗೆ ಕಟ್ಟಿ ಕುದುರೇನ ಮನೆಗೆ ಅಟ್ಟಿದ."

ಬುರುಲ್ ಮೊದಲು ನಕ್ಕಳು. ಬಾಗಿಲ ಚೌಕಟ್ಟು ಹಿಡಿದು, ಆಮೇಲೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಆ ನೀರಲ್ಲಿ ಎಷ್ಟು ನಗು, ಎಷ್ಟು ಬೇರೆಯದು ಎಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಕೇಳಿದಳು:

"ರೀ, ಅಷ್ಟೂ ಮನೇಲಿ ಕೂತು ಟೀ ಕುಡಿಯೋಕೆ ಹಿಮದಲ್ಲಿ ಕುದುರೆ ಹತ್ತಬೇಕಾ? ನಮ್ಮನೇಲಿ ಟೀ ಇಲ್ವಾ?"

ಶೆರ್ಮಾತ್ ರಜಾಯಿಯ ಅಂಚು ಹಿಸುಕಿದ. "ನಮ್ಮನೇಲಿ ನೀನು ನನ್ನ ಸುತ್ತ ಗುಡಿಸ್ತಾ ಇರ್ತೀಯ ಬುರುಲ್. 'ಕಾಲೆತ್ತಿ, ಆ ಕಡೆ ಸರೀರಿ' ಅಂತ. ಇಲ್ಲಿ ನಾನು ಬಂದ್ರೆ ಜನ ಬಾಗಿಲು ತೆಗೀತಾರೆ. ಹಿಂದೆ ಮುನ್ನೂರು ಕುದುರೆ ನೋಡ್ಕೋತಿದ್ದೆ. ಈಗ ಒಂದು ತಪ್ಪಿಸ್ಕೊಂಡ್ರೆ ಸಾಕು ಅಂತ ಕಾಯ್ತಾ ಇರ್ತೀನಿ."

"ಮತ್ತೆ ತೋಳ?"

"ತೋಳ ಇತ್ತು," ಎಂದ ಶೆರ್ಮಾತ್ ಗಂಭೀರವಾಗಿ. ಆಮೇಲೆ ರಜಾಯಿಯನ್ನು ಇನ್ನಷ್ಟು ಮೇಲೆಳೆದುಕೊಂಡು, "ದೂರದಲ್ಲಿತ್ತು," ಎಂದ.

ಮರುದಿನ ಅವನನ್ನು ಇಳಿಸಿಕೊಂಡು ಬರುವುದೇ ದೊಡ್ಡ ಕೆಲಸವಾಯಿತು. ಬುರುಲ್ ತಂದ ಗಂಟಿನಲ್ಲಿ ಗುದ್ದಲಿಯಿತ್ತು, ಪ್ಯಾಂಟಿರಲಿಲ್ಲ. ಕೊನೆಗೆ ತಾಲಾಯ್‌ನ ಕುರಿಚರ್ಮದ ಸರ್ಕಾರಿ ಕೋಟು ಹಿಮ್ಮಡಿವರೆಗೆ ಬರುತ್ತದೆಂದು ಅದನ್ನು ಶೆರ್ಮಾತ್‌ಗೆ ತೊಡಿಸಿ ಕತ್ತಿನಿಂದ ಕೆಳಗಿನವರೆಗೆ ಗುಂಡಿ ಹಾಕಿದರು. ತಾಲಾಯ್ ರಜಾಯಿ ಹೊದ್ದುಕೊಂಡ. ಊರ ಬಾಯಲ್ಲಿ ಕಾದು ನಿಂತಿದ್ದವರಿಗೆ ಕಂಡದ್ದು, ಎದೆಯುಬ್ಬಿಸಿ ಮುಂದೆ ಬರುತ್ತಿರುವ ಒಬ್ಬ ಪೊಲೀಸು ಮತ್ತು ಹಿಂದೆ ರಜಾಯಿಯಲ್ಲಿ ಸುತ್ತಿದ ಕೈದಿ. ತಾಲಾಯ್‌ನನ್ನು ಯಾಕೆ ಹಿಡಿದರು ಎಂದು ಮುಲ್ಲಾ ವಿಚಾರಿಸಿದನಂತೆ, ಸೊಂಟನೋವು ಮರೆತು.

ಶೆರ್ಮಾತ್‌ನ ಕಥೆಯನ್ನು ಊರು ಒಂದು ತಿಂಗಳು ಹೊಟ್ಟೆತುಂಬ ಆಡಿಕೊಂಡಿತು. ಯಾರಾದರೂ ಬೆಟ್ಟಕ್ಕೆ ಹೊರಟರೆ, "ಎರಡು ಜೊತೆ ಇಟ್ಕೊಂಡಿದ್ದೀರಾ?" ಎಂದು ಕೇಳುವುದು ರೂಢಿಯಾಯಿತು.

ರಜಾಯಿ ಹಿಂತಿರುಗಿಸಲು ಬುರುಲ್ ತಾನೇ ಹೊರಟಳು. ಶೆರ್ಮಾತ್ ಜೊತೆಗೆ ಬಂದ. ಹವಾಮಾನ ಕೇಂದ್ರದಲ್ಲಿ ಚೊರೊ ಗುಳಿಮಣೆ ಹರವಿದ. ಬುರುಲ್ ಒಂದು ಆಟ ನೋಡಿದಳು, ಎರಡನೆಯದಕ್ಕೆ ಗಂಡನನ್ನು ಪಕ್ಕಕ್ಕೆ ತಳ್ಳಿ ಕೂತಳು. ಕಾಲು ಗಂಟೆಯಲ್ಲಿ ಚೊರೊನ ಗುಳಿಗಳೆಲ್ಲ ಖಾಲಿ.

"ಇದೆಲ್ಲಿ ಕಲಿತ್ರಿ ತಾಯಿ?" ಎಂದ ಮುದುಕ ಬೆವರೊರೆಸಿಕೊಂಡು.

"ನಮ್ಮಪ್ಪ ಕಲಿಸಿದ್ರು. ಮದುವೆಗೆ ಮುಂಚೆ ಜಿಲ್ಲೆಗೇ ಮೊದಲು ಬಂದಿದ್ದೆ."

ಶೆರ್ಮಾತ್‌ನ ಬಾಯಿ ತೆರೆದಂತೆಯೇ ಉಳಿಯಿತು. "ಮೂವತ್ತನಾಲ್ಕು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ವಲ್ಲೇ!"

"ನೀವು ಉಸಿರು ತಗೊಳ್ಳೋಕೆ ನಿಲ್ಲಿಸಿದ್ರೆ ತಾನೇ ಹೇಳೋದು," ಎನ್ನುತ್ತ ಬುರುಲ್ ಕಲ್ಲುಗಳನ್ನು ಒಂಬತ್ತೊಂಬತ್ತಾಗಿ ಮತ್ತೆ ಹಂಚಿ, ಮಣೆಯನ್ನು ಅವನ ಕಡೆ ತಿರುಗಿಸಿದಳು. "ಕೂತ್ಕೊಳ್ಳಿ. ಮೊದಲ ಆಟ ನಿಮ್ದು."