ಅಪ್ಪ ನುಂಗಿಕೊಂಡ ಹೆಸರು

ಆ ಬೇಸಿಗೆಯಲ್ಲಿ ನಮ್ಮೂರಿನ ಮುಕ್ಕಾಲು ಪಾಲು ಜನ ಒಂದೇ ವಾರದಲ್ಲಿ ಚೆಂಗಿಸ್ ಖಾನನ ವಂಶಸ್ಥರಾಗಿಬಿಟ್ಟರು. ಹಾಗಂತ ಬರೆದುಕೊಂಡವಳು ನಾನೇ.

ಹೊಸ ಗುರುತಿನ ಚೀಟಿ ಬರುತ್ತದೆ, ಅದರಲ್ಲಿ ಪ್ರತಿಯೊಬ್ಬರ ಕುಲದ ಹೆಸರೂ ಇರಬೇಕು ಎಂದು ರಾಜಧಾನಿ ಉಲಾನ್‌ಬಾತರಿನಿಂದ ಆದೇಶ ಬಂದಿತ್ತು. ಕಮ್ಯುನಿಸ್ಟರ ಆಳ್ವಿಕೆಯ ಎಪ್ಪತ್ತು ವರ್ಷ ಕುಲದ ಮಾತೆತ್ತಿದರೆ ದೊರೆಗಳ ಬಾಲ ಹಿಡಿದವರು ಎಂದು ಬೈಸಿಕೊಳ್ಳುತ್ತಿದ್ದೆವು. ಈಗ ಕುಲ ಹೇಳದಿದ್ದರೆ ಚೀಟಿಯೇ ಇಲ್ಲ. ಅದೇ ಕಚೇರಿ, ಅದೇ ಮೇಜು. ಗೋಡೆಯಲ್ಲಿ ನಾಯಕರ ಪಟ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಉಳಿದಿತ್ತು. ಅದರ ಕೆಳಗೆ ದಪ್ಪ ರಿಜಿಸ್ಟರು ಬಿಚ್ಚಿಕೊಂಡು ನಾನು ಕೂತಿದ್ದೆ. ಬಂದವರನ್ನು ಕುಲ ಯಾವುದು ಎಂದು ಕೇಳಿದರೆ ಟೋಪಿ ತೆಗೆದು ತಲೆ ಕೆರೆದುಕೊಂಡು, "ಬೊರ್ಜಿಗಿನ್ ಅಂತ ಬರ್ಕೊಳ್ಳಿ ಅಕ್ಕಾ," ಅನ್ನುತ್ತಿದ್ದರು. ಖಾನನ ಕುಲ ಅದೊಂದು ಎಲ್ಲರಿಗೂ ಗೊತ್ತಿತ್ತು. ತಮ್ಮ ತಮ್ಮ ಕುಲ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮಜ್ಜ ಒಂಟೆ ಕಾಯ್ತಿದ್ದ ಕಣೋ," ಎಂದು ಅಂಚೆ ಜೀಪಿನ ಡ್ರೈವರ್ ಬಜರ್‌ನನ್ನು ಗದರಿಸಿದೆ.

"ಖಾನನ ಒಂಟೇನೂ ಯಾರಾದ್ರೂ ಕಾಯ್ಲೇಬೇಕಲ್ವೇ ಅಕ್ಕಾ," ಅಂದ ಆ ಪುಣ್ಯಾತ್ಮ.

ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನಾನು ಸುಳ್ಳು ಸಹಿಸುವವಳಲ್ಲ, ಊರಿಗೇ ಗೊತ್ತು. ಆದರೂ ಅವರವರ ಬಾಯಲ್ಲಿ ಅವರವರು ಹೇಳಿದ್ದನ್ನು ಬರೆಯದೆ ವಿಧಿಯಿರಲಿಲ್ಲ. ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೆ. ಯಾರ ಪರವಾಗಿಯೂ ಇನ್ನೊಬ್ಬರು ಹೇಳುವಂತಿಲ್ಲ, ಮೇಜಿನ ಮುಂದೆ ನಿಂತು ಸ್ವಂತ ಬಾಯಿಬಿಟ್ಟು ಹೇಳಬೇಕು.

ಇಷ್ಟೆಲ್ಲ ಗತ್ತು ಮಾಡುತ್ತಿದ್ದ ನನ್ನ ಸಾಲೇ ರಿಜಿಸ್ಟರಿನಲ್ಲಿ ಖಾಲಿ ಇತ್ತು. ನಮ್ಮಲ್ಲಿ ಮಾಂಸ ತಾಯಿಯದು, ಎಲುಬು ತಂದೆಯದು. ಕುಲ ಬರುವುದು ಎಲುಬಿನ ಜೊತೆಗೆ. ನನ್ನ ಅಪ್ಪ ಎನೆಬಿಶ್ ಬಾಯಿ ಬಿಡುತ್ತಿರಲಿಲ್ಲ.

ಅಪ್ಪನಿಗೆ ಎಪ್ಪತ್ತೊಂದು. ಸಹಕಾರಿ ಸಂಘದ ಕುದುರೆಗಳನ್ನು ನಲವತ್ತು ವರ್ಷ ಕಾಯ್ದವರು. ಸಂಘ ಒಡೆದು ಜಾನುವಾರು ಹಂಚಿಕೆಯಾದಾಗ ಹದಿನೇಳು ಕುದುರೆ ನಮ್ಮ ಪಾಲಿಗೆ ಬಂದವು. ಅಪ್ಪ ಅವುಗಳನ್ನು ನಂಬಲೇ ಇಲ್ಲ. ಇವತ್ತೋ ನಾಳೆಯೋ ಯಾರೋ ಬಂದು ವಾಪಸು ಕೇಳುತ್ತಾರೆ ಎನ್ನುವ ಹಾಗೆ ದೂರದಿಂದಲೇ ನೋಡಿಕೊಂಡು ಇರುತ್ತಿದ್ದರು.

ಅವರ ಕತೆ ನನಗೆ ಗೊತ್ತಾದದ್ದೂ ರಷ್ಯನ್ ಸೈನಿಕರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಮೇಲೆಯೇ. ಅಪ್ಪ ಒಂಬತ್ತು ವರ್ಷದವರಿದ್ದಾಗ ಹಸಿರು ಟೋಪಿಯ ಗುಪ್ತ ಪೊಲೀಸರು ಬಂದು ಅವರ ತಂದೆಯನ್ನು ಕರೆದುಕೊಂಡು ಹೋದರು. ದೊರೆ ಮನೆತನ ಎನ್ನುವುದೇ ಅಪರಾಧ. ಅಜ್ಜಿ ವಂಶಾವಳಿಯ ಕಾಗದವನ್ನು ಒಲೆಗೆ ಹಾಕಿ, ಡೇರೆ ಬಿಚ್ಚಿ ನಾಲ್ಕು ಒಂಟೆಯ ಮೇಲೆ ಹೇರಿಕೊಂಡು, ಎರಡು ಕಣಿವೆ ದಾಟಿ ಈ ಕಡೆ ಬಂದಳು. "ಕುಲದ ಹೆಸರು ಮರೆತುಬಿಡು, ಯಾರ ಮುಂದೂ ಉಸಿರೆತ್ತಬೇಡ," ಎಂದು ಮಗನಿಂದ ಆಣೆ ಮಾಡಿಸಿಕೊಂಡಳು.

"ಈಗ ಹೇಳಬಹುದಲ್ಲ ಅಪ್ಪಾ. ಸರ್ಕಾರವೇ ಕೇಳ್ತಿದೆ," ಅಂದೆ.

"ಮರೆತುಹೋಗಿದೆ ಕಣೇ."

"ನಲವತ್ತು ವರ್ಷದ ಹಿಂದಿನ ಕುದುರೆ ಮರಿ ಬಣ್ಣ ನೆನಪಿದೆ ನಿಮಗೆ. ಇದು ಮರೆತುಹೋಯ್ತಾ?"

"ಕುದುರೆ ಮರೀನ ಮರೆತುಬಿಡು ಅಂತ ಯಾರೂ ಹೇಳಿರಲಿಲ್ಲ," ಅಂದು ಮಗ್ಗುಲಾದರು.

ನನಗೆ ಆ ಹೆಸರು ಬೇಕೇಬೇಕಿತ್ತು. ಅಪ್ಪನ ಎದೆ ಸೋತಿದೆ, ಈ ಚಳಿಗಾಲ ದಾಟುವುದು ಅನುಮಾನ ಎಂದು ವೈದ್ಯರು ಹೇಳಿದ್ದರು. ನನಗೆ ಒಡಹುಟ್ಟಿದವರಿಲ್ಲ, ಮಕ್ಕಳೂ ಇಲ್ಲ. ಹುಟ್ಟಿದ ಒಂದೇ ಗಂಡು ಕೂಸು ಒಂಬತ್ತು ದಿನ ಬದುಕಿ ಹೋಗಿತ್ತು. ಅಪ್ಪ ಹೋದರೆ ಹೆಸರೂ ಅವರ ಜೊತೆ ಮಣ್ಣಾಗುತ್ತದೆ. ಊರಿನವರಿಗೆಲ್ಲ ಕುಲ ಬರೆದುಕೊಟ್ಟು ನಾನೊಬ್ಬಳು ಯಾರ ಮಗಳು ಎಂದು ತಿಳಿಯದೆ ಸಾಯಬೇಕೇ ಎಂದು ಹೊಟ್ಟೆ ಉರಿಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದೆ. ನಮ್ಮ ದುಂಡು ಡೇರೆಯ ನೆತ್ತಿಯ ಕಿಂಡಿಯಿಂದ ಬಿಸಿಲಿನ ಬಿಲ್ಲೆಯೊಂದು ಒಳಗೆ ಇಳಿದು, ಪೆಟ್ಟಿಗೆಯ ಮೇಲೆ ಹತ್ತಿ, ನೆಲದ ಕಂಬಳಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ದಿಂಬಿನ ಹತ್ತಿರ ಬರುವ ಹೊತ್ತಿಗೆ ಅಪ್ಪನಿಗೆ ಜೋಂಪು ಹತ್ತುತ್ತಿತ್ತು. ಹೊರಗೆ ಕುದುರೆ ಬಾಲ ಬೀಸುವ ಸದ್ದು, ಒಲೆಯ ಮೇಲೆ ಉಪ್ಪು ಚಹಾ ಗುಟುಗುಟು ಎನ್ನುವ ಸದ್ದು. ಬೆಳಕಿನಲ್ಲಿ ಧೂಳು ತೇಲುವುದನ್ನು ನೋಡುತ್ತ ನಾನೂ ಅರ್ಧ ನಿದ್ದೆಗೆ ಜಾರುತ್ತಿದ್ದೆ. ಆ ಹೊತ್ತಿನಲ್ಲಿ ಕಾಲಕ್ಕೆ ಯಾವ ಅವಸರವೂ ಇರಲಿಲ್ಲ. ಅಜ್ಜಿ ಈಗಷ್ಟೇ ಬಾಗಿಲು ತೆರೆದು ಹಾಲಿನ ಬಕೀಟು ಹಿಡಿದು ಒಳಗೆ ಬಂದರೂ ಆಶ್ಚರ್ಯವಾಗುತ್ತಿರಲಿಲ್ಲ.

ಒಂದು ದಿನ ಅಪ್ಪ ನಿದ್ದೆಯಲ್ಲಿ ಮಾತಾಡಿದರು. ದನಿ ಅವರದಲ್ಲ, ಹಲ್ಲು ಉದುರಿದ ಸಣ್ಣ ಹುಡುಗನದು.

"ಅಮ್ಮಾ, ಬಿಳಿ ಒಂಟೆ ಏಳ್ತಿಲ್ಲಮ್ಮಾ."

ನನಗೆ ಏನನ್ನಿಸಿತೋ, ಬಾಗಿ ಅವರ ಕಿವಿಯ ಹತ್ತಿರ ಪಿಸುಗುಟ್ಟಿದೆ. "ಏಳುತ್ತೆ ಬಿಡು ಮಗಾ."

"ಕಣಿವೇಲಿ ಹಿಮ ಬೀಳ್ತಿದೆ."

"ಬೀಳಲಿ. ನಾನಿದ್ದೀನಲ್ಲ." ಇನ್ನೂ ಹತ್ತಿರ ಬಾಗಿದೆ. "ಮಗಾ, ನಮ್ಮ ಕುಲ ಯಾವುದು, ಹೇಳು?"

ಅಪ್ಪನ ತುಟಿ ಅಲ್ಲಾಡಿತು. ಕೈಬೆರಳು ಕಂಬಳಿಯ ಮೇಲೆ ಒಂದು ಗೆರೆ ಎಳೆಯಿತು. ಮೇಲೆ ಅರ್ಧಚಂದ್ರ, ಅದರ ಕೆಳಗೆ ಎಡಕ್ಕೆ ಬಾಗಿದ ಕೊಕ್ಕೆ. ಮತ್ತೆ ಅದನ್ನೇ ಬರೆದರು, ಮತ್ತೆ ಅದನ್ನೇ. ಆಮೇಲೆ ಅಳು ಬರುವ ದನಿಯಲ್ಲಿ, "ಹೇಳ್ಬೇಡ ಅಂತ ನೀನೇ ಅಂದ್ಯಲ್ಲಮ್ಮಾ," ಅಂದರು.

ನಾನು ನಾಚಿಕೆಯಿಂದ ಹಿಂದೆ ಸರಿದೆ. ಮುದುಕನ ನಿದ್ದೆಯೊಳಗೆ ನುಗ್ಗಿ ಕಳ್ಳತನ ಮಾಡಲು ಹೋಗಿದ್ದೆ, ಛೀ.

ನನ್ನ ಗಂಡ ಗೋಂಚಿಗ್ ತನ್ನ ದೊಡ್ಡಪ್ಪನನ್ನು ನೋಡಲು ನದಿಯಾಚೆ ಹೋಗಿದ್ದವನು ಮರುವಾರ ವಾಪಸು ಬಂದ. ಮೋಟಾರ್ ಸೈಕಲ್ಲು ನಿಲ್ಲಿಸುವ ಮೊದಲೇ ಕೂಗಿಕೊಂಡ.

"ದುಲ್ಮಾ! ಏ ದುಲ್ಮಾ! ಬರ್ಕೋ, ನಿನ್ನ ಗಂಡ ಖತಗಿನ್ ಕುಲದವನು! ಬೊರ್ಜಿಗಿನ್ ಅಲ್ಲ, ಖತಗಿನ್! ನಿನ್ನ ರಿಜಿಸ್ಟರಲ್ಲಿ ಒಂದಾದ್ರೂ ನಿಜ ಇರಲಿ!"

ದೊಡ್ಡಪ್ಪ ಬೂದಿಗುಂಡಿಯ ಅಡಿಯಲ್ಲಿ ಹೂತಿಟ್ಟಿದ್ದ ಮುದ್ರೆಯ ಕಬ್ಬಿಣವನ್ನು ಅಗೆದು ತೆಗೆದು ಕೊಟ್ಟಿದ್ದನಂತೆ. ಸಂಘದ ಕಾಲದಲ್ಲಿ ಎಲ್ಲ ಕುದುರೆಗಳ ತೊಡೆಗೂ ಒಂದೇ ಸರ್ಕಾರಿ ನಂಬರು ಒತ್ತುತ್ತಿದ್ದರು. ಅದಕ್ಕೂ ಮುಂಚೆ ಒಂದೊಂದು ಕುಲಕ್ಕೆ ಒಂದೊಂದು ಮುದ್ರೆ ಇತ್ತು. ಗೋಂಚಿಗ್ ಒಳಗೆ ಬಂದು ಮಾವನಿಗೆ ಕಾಣಲಿ ಎಂದು ಒಲೆಯ ಮುಂದಿನ ಬೂದಿಯಲ್ಲಿ ಆ ಕಬ್ಬಿಣವನ್ನು ಒತ್ತಿದ. ಅರ್ಧಚಂದ್ರ. ಅದರ ಕೆಳಗೆ ಎಡಕ್ಕೆ ಬಾಗಿದ ಕೊಕ್ಕೆ.

ಅಪ್ಪನ ಬೆರಳು ಕಂಬಳಿಯ ಮೇಲೆ ಎಳೆದದ್ದೂ ಅದನ್ನೇ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. "ಕುದುರೆ ನೋಡ್ಕೊಂಡು ಬರ್ತೀನಿ," ಎಂದು ಎದ್ದು ಹೊರಟೇಬಿಟ್ಟರು.

ಒಂದೇ ಎಲುಬಿನವರು ನಮ್ಮಲ್ಲಿ ಮದುವೆಯಾಗುವುದಿಲ್ಲ. ಒಂಬತ್ತು ತಲೆಮಾರು ದಾಟುವವರೆಗೂ ಅವರು ಅಣ್ಣ ತಂಗಿಯರೇ. ಯಾರೂ ಬಾಯಿಬಿಟ್ಟು ಕುಲ ಹೇಳದ ಕಾಲದಲ್ಲಿ ಯಾರು ಯಾರ ತಂಗಿ ಎಂದು ನೋಡುವವರು ಯಾರು? ನಾನು ಗೋಂಚಿಗ್‌ನನ್ನು ಕಟ್ಟಿಕೊಂಡು ಇಪ್ಪತ್ತೊಂಬತ್ತು ವರ್ಷವಾಗಿತ್ತು.

ಅಪ್ಪ ಕುದುರೆ ಕಟ್ಟುವ ಹಗ್ಗದ ಹತ್ತಿರ ನಿಂತಿದ್ದರು. ಹುಲ್ಲುಗಾವಲು ಬಿಸಿಲಿಗೆ ನೀರಿನ ಹಾಗೆ ಅಲುಗುತ್ತಿತ್ತು. ದೂರದ ಕುದುರೆಗಳು ಕಾಲಿಲ್ಲದೆ ಗಾಳಿಯಲ್ಲಿ ನಿಂತಂತೆ ಕಾಣುತ್ತಿದ್ದವು.

"ಯಾವಾಗ ಗೊತ್ತಾಯ್ತು ನಿಮಗೆ?" ಅಂದೆ.

ಅಪ್ಪ ಹಗ್ಗದ ಗಂಟೊಂದನ್ನು ಬಿಗಿ ಮಾಡಿದರು. "ನಿನ್ನ ಮದುವೆ ದಿನ. ಬೀಗಿತ್ತಿ ನಂಗೆ ಕುದುರೆ ಹಾಲು ಕೊಟ್ಟಳಲ್ಲ, ಮರದ ಬಟ್ಟಲು. ಕುಡಿದು ಮಗುಚಿದೆ. ತಳದಲ್ಲಿ ಇದೇ ಮುದ್ರೆ ಕೆತ್ತಿತ್ತು."

"ಮತ್ತೆ ಬಾಯಿಗೆ ಏನು ತುರುಕ್ಕೊಂಡು ಕೂತಿದ್ರಿ?"

"ಪಕ್ಕದಲ್ಲೇ ಪಕ್ಷದ ಕಾರ್ಯದರ್ಶಿ ಕೂತಿದ್ದ ಕಣೇ. ಅವತ್ತು ಹೇಳಿದ್ದಿದ್ರೆ ನಾನು ಯಾರ ಮಗ ಅಂತ ಗೊತ್ತಾಗ್ತಿತ್ತು, ಅವರು ಯಾರು ಅಂತಾನೂ ಗೊತ್ತಾಗ್ತಿತ್ತು. ನಿನ್ನ ನೋಡಿದೆ. ಹೊಸ ಬೂಟು ಹಾಕ್ಕೊಂಡು ನಗ್ತಾ ಇದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ."

"ನನ್ನ ಕೂಸು?"

ಅಪ್ಪ ಕುದುರೆಗಳ ಕಡೆ ಮುಖ ತಿರುಗಿಸಿದರು. "ಅದು ಹೋದ ದಿನ ನಾನೇ ಕೊಂದೆ ಅನ್ನಿಸ್ತು. ನಾನು ಬಾಯಿ ಬಿಟ್ಟಿದ್ರೆ ನೀನು ಬೇರೆ ಯಾರನ್ನೋ ಮದುವೆಯಾಗಿ, ಮಕ್ಕಳು ಮರಿ ಅಂತ... ಅಮ್ಮನಿಗೆ ಕೊಟ್ಟ ಮಾತಿಗೆ ಒಂದು ದಿನ ಹೆದರಿದೆ. ಆಮೇಲೆ ನಿನಗೇ ಹೆದರಿಕೊಂಡು ಬದುಕಿದೆ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಹಗ್ಗ ಹಿಡಿದುಕೊಂಡೇ ನಿಂತೆ, ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ. "ಇಪ್ಪತ್ತೊಂಬತ್ತು ವರ್ಷ ನನ್ನ ಕೈಯಲ್ಲಿ ಊಟ ಮಾಡಿದ್ರಿ. ಒಂದು ದಿನವಾದ್ರೂ ಗಂಟಲಿಗೆ ಸಿಕ್ಕಿಕೊಳ್ಳಲಿಲ್ವಾ ಅದು?"

"ದಿನಾ ಸಿಕ್ಕಿಕೊಳ್ತಿತ್ತು," ಅಂದರು. ಆಮೇಲೆ ಮೆಲ್ಲಗೆ, "ಬೊರ್ಜಿಗಿನ್ ಅಂತ ಬರ್ಕೊಂಡುಬಿಡು ಮಗಳೇ. ಎಲ್ಲರೂ ಬರೆಸಿದ್ದಾರೆ, ನಾವೂ ಅದರಲ್ಲಿ ಸೇರಿಹೋಗ್ತೀವಿ. ಯಾರಿಗೂ ಗೊತ್ತಾಗಲ್ಲ. ನಿನ್ನ ಸಂಸಾರದ ಮೇಲೆ ಯಾರೂ ಮಾತಾಡೋದು ಬೇಡ. ನಾನು ಹೆಂಗೂ ನುಂಗಿದ್ದೀನಿ, ನುಂಗಿಕೊಂಡೇ ಹೋಗ್ತೀನಿ," ಅಂದರು.

ನಾನು ಹಗ್ಗ ಬಿಟ್ಟು ಮನೆಯ ಕಡೆ ನಡೆದುಬಿಟ್ಟೆ. ಆ ವಾರವೆಲ್ಲ ನಡೆದಾಡುತ್ತಲೇ ಕನಸು ಕಾಣುತ್ತಿದ್ದೆ. ಹಾಲು ಕರೆಯುವಾಗ, ಕಚೇರಿಯಲ್ಲಿ ಠಸ್ಸೆ ಒತ್ತುವಾಗ, ನಾನು ಮದುವೆಯಾಗದೆ ಹೋದ ಆ ಬೇರೆ ಯಾರೋ ಎದುರಿಗೆ ಬರುತ್ತಿದ್ದ. ಅವನಿಗೆ ಮುಖ ಇರಲಿಲ್ಲ. ಅವನ ಹಿಂದೆ ನಾಲ್ಕು ಮಕ್ಕಳು ಸಾಲಾಗಿ ಕುದುರೆ ಹತ್ತಿ ಹೋಗುತ್ತಿದ್ದರು. ಕೂಗಿ ಕರೆದರೆ ತಿರುಗಿ ನೋಡುತ್ತಿರಲಿಲ್ಲ, ನಾನು ಅವರಿಗೆ ಹೆಸರೇ ಇಟ್ಟಿರಲಿಲ್ಲವಲ್ಲ. ನನಗೆ ಹೆಸರಿಟ್ಟು ಕರೆಯಲು ಗೊತ್ತಿದ್ದದ್ದು ಒಂಬತ್ತು ದಿನದ ಆ ಒಂದು ಕೂಸನ್ನು ಮಾತ್ರ. ಅದರ ಮೂಗು ಗೋಂಚಿಗ್‌ನದು.

ಗೋಂಚಿಗ್‌ಗೆ ಹೇಳಿದೆ. ಅವನು ಮೋಟಾರ್ ಸೈಕಲ್ಲಿನ ಚೈನು ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ.

"ಎಷ್ಟು ತಲೆಮಾರಿನ ಹಿಂದೆ ಸೇರುತ್ತಂತೆ?" ಅಂದ ಕೊನೆಗೆ.

"ಯಾರಿಗೆ ಗೊತ್ತು? ಕಾಗದ ಅಜ್ಜಿ ಸುಟ್ಟಳಲ್ಲ. ಎರಡಿರಬಹುದು, ಇಪ್ಪತ್ತಿರಬಹುದು."

"ಈಗ ನಾನು ನಿನ್ನ ಅಕ್ಕಾ ಅನ್ನಬೇಕಾ?"

"ಹಲ್ಲು ಉದುರಿಸ್ತೀನಿ ನೋಡು."

ಅವನು ನಕ್ಕ. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡ. ಎಣ್ಣೆ ಕೈ ಎಂದು ನೋಡದೆ ನನ್ನ ಕೈ ಹಿಡಿದುಕೊಂಡ. "ನಿಮ್ಮಪ್ಪ ಅವತ್ತೇ ಹೇಳಿದ್ದಿದ್ರೆ ಏನು ಮಾಡ್ತಿದ್ದೆ?"

"ನಿನ್ನ ಜೊತೆ ಓಡಿಬರ್ತಿದ್ದೆ," ಅಂದೆ. ಹೇಳಿದ ಮೇಲೆ ಅದು ನಿಜ ಎಂದು ನನಗೇ ಗೊತ್ತಾಯಿತು. ಸಿಟ್ಟು ಅವತ್ತೇ ಇಳಿಯಲಿಲ್ಲ, ಆದರೆ ಉಸಿರಾಡುವಷ್ಟು ಜಾಗವಾಯಿತು.

ನೋಂದಣಿಯ ಕಡೆಯ ದಿನ ಅಪ್ಪ ತಾವೇ ಕುದುರೆ ಹತ್ತಿ ಬಂದರು. ಹಬ್ಬಕ್ಕೆ ಉಡುವ ನೀಲಿ ನಿಲುವಂಗಿ ಹಾಕಿದ್ದರು. ಕಚೇರಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು, ಅಂಚೆಯ ಬಜರ್ ಕೂಡ ಚೀಲ ಹೊತ್ತು ಬಾಗಿಲಲ್ಲೇ ನಿಂತಿದ್ದ. ಗೋಂಚಿಗ್ ಖತಗಿನ್ ಎನ್ನುವುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಿತ್ತು. ಅವನೇ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಅಪ್ಪ ಮೇಜಿನ ಮುಂದೆ ನಿಂತು ಟೋಪಿ ತೆಗೆದರು. ನನ್ನ ಮುಖ ನೋಡಲಿಲ್ಲ.

"ಹೆಸರು?"

"ಎನೆಬಿಶ್."

"ಕುಲ?"

"ಬೊರ್..." ಎಂದು ಶುರು ಮಾಡಿದರು.

ನಾನು ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದೆ. ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದ ತಕ್ಷಣ ನನ್ನ ಸಾಲು ತುಂಬಿದ್ದೆ. ಎನೆಬಿಶನ ಮಗಳು ದುಲ್ಮಾ, ಕುಲ ಖತಗಿನ್. ಒತ್ತಿ ಬರೆದಿದ್ದೆ, ಶಾಯಿ ಹಿಂದಿನ ಪುಟಕ್ಕೂ ಇಳಿದಿತ್ತು. ಅಪ್ಪ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು.

"ಕುಲ ಯಾವುದು ಅಪ್ಪಾ? ನೀವೇ ಹೇಳಬೇಕು," ಅಂದೆ.

"ಖತಗಿನ್," ಅಂದರು. ದನಿ ಹೊರಗೆ ಬರಲಿಲ್ಲ, ತುಟಿ ಮಾತ್ರ ಆಡಿತು.

"ಕೇಳಿಸ್ಲಿಲ್ಲ."

"ಖತಗಿನ್."

ಬಜರ್ ಮೆಲ್ಲಗೆ ಬಾಯಿ ತೆರೆದ. "ಅಕ್ಕಾ, ಗೋಂಚಿಗಣ್ಣನೂ ಅದೇ ಅಲ್ವಾ, ಹಂಗಾದ್ರೆ ನೀವಿಬ್ರೂ..."

"ಹೌದು," ಅಂದೆ. "ಮುಂದಿನವರು ಬನ್ನಿ."

ಮುಂದಿನವರು ಬರಲಿಲ್ಲ. ಅಪ್ಪ ಮೇಜು ಬಿಟ್ಟು ಕದಲಿರಲಿಲ್ಲ. ಕಣ್ಣೀರು ಸುಕ್ಕುಗಳ ಉದ್ದಕ್ಕೂ ಇಳಿದು ಗಡ್ಡ ಸೇರುತ್ತಿತ್ತು. ಒರೆಸಿಕೊಳ್ಳಬೇಕೆಂಬ ಪರಿವೆಯೂ ಅವರಿಗಿರಲಿಲ್ಲ. ಮೇಜಿನ ಮೇಲೆ ಬಾಗಿ, ಪಾಠ ಒಪ್ಪಿಸಲು ಬಂದ ಮಗುವಿನ ಹಾಗೆ ಕೇಳಿದರು.

"ಇನ್ನೊಂದ್ಸಲ ಹೇಳ್ಲಾ?"